ಉಂಡವರ ಪಟ್ಟಿ

ನಮ್ಮ ಊರಲ್ಲಿ ಮನೆಗಳು ತೊಂಬತ್ತಮೂರು. ಅದರಲ್ಲಿ ಸದ್ದಿರುವ ಮನೆಗಳು ಮೂವತ್ತೆಂಟು. ಉಳಿದ ಐವತ್ತೈದರಲ್ಲೂ ಒಲೆ ಉರಿಯುತ್ತದೆ, ಮಕ್ಕಳು ಕಿತ್ತಾಡುತ್ತವೆ, ಅತ್ತೆ ಸೊಸೆಯರು ಮುಖ ಸಿಂಡರಿಸಿಕೊಂಡು ಓಡಾಡುತ್ತಾರೆ. ಎಲ್ಲ ನಡೆಯುತ್ತದೆ, ಆದರೆ ಒಂದಿಷ್ಟೂ ಕೇಳಿಸುವುದಿಲ್ಲ. ಮನೆಗೊಂದು ಮೀನು. ಮೀನು ಸತ್ತರೆ ಮನೆಯ ಸದ್ದು ಹೋಯಿತು. ಯಾಕೆ ಹೀಗೆ ಅಂತ ಹೊರಗಿನಿಂದ ಬಂದವರು ಕೇಳುತ್ತಾರೆ. ನಿಮ್ಮೂರಲ್ಲಿ ಯಾಕೆ ಹಾಗಿಲ್ಲ ಅಂತ ನಾನು ತಿರುಗಿ ಕೇಳಿದರೆ ಅವರ ಹತ್ತಿರವೂ ಉತ್ತರವಿರುವುದಿಲ್ಲ.

ಮೂಕ ಮನೆಯವರಿಗೆ ಊರವರ ಮಾತೆಲ್ಲ ಕೇಳುತ್ತದೆ, ತಮ್ಮ ಮನೆಯವರದು ಮಾತ್ರ ಕೇಳುವುದಿಲ್ಲ. ಅವರ ಗಂಟಲು, ಅವರ ಕೊಡ, ಅವರ ಚಪ್ಪಲಿ, ಅವರ ಕೆಮ್ಮು, ಯಾವುದೂ ಯಾರ ಕಿವಿಗೂ ಬೀಳುವುದಿಲ್ಲ, ಅವರವರ ಕಿವಿಗೂ ಕೂಡ. ಜನ ಎಂಥದಕ್ಕೂ ಒಗ್ಗಿಕೊಳ್ಳುತ್ತಾರೆ ಬಿಡಿ. ತೊಟ್ಟಿಲ ಮಗುವಿನ ಕಾಲಿಗೆ ದಾರ ಕಟ್ಟಿ ಇನ್ನೊಂದು ತುದಿಯನ್ನು ತಾಯಿ ತನ್ನ ಬೆರಳಿಗೆ ಸುತ್ತಿಕೊಂಡು ಮಲಗುತ್ತಾಳೆ. ಅವಸರಕ್ಕೆ ಯಾರನ್ನಾದರೂ ಕೂಗಬೇಕಿದ್ದರೆ ಪಕ್ಕದ ಮನೆಯಿಂದ ತಟ್ಟೆ ಇಸಕೊಂಡು ಬಡಿಯುತ್ತಾರೆ. ಸದ್ದಿರುವ ಮನೆಯ ತಟ್ಟೆ ಯಾರ ಕೈಯಲ್ಲಿದ್ದರೂ ಸದ್ದು ಮಾಡುತ್ತದೆ. ತಟ್ಟೆ ಕೇಳಿದರೆ ನಮ್ಮೂರಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಸೊಪ್ಪಿನವಳು ಮೂಕ ಮನೆಯ ಮುಂದೆ ಕೂಗಿದ ಮೇಲೆ ಬಾಗಿಲೊಳಗೆ ತಲೆ ಹಾಕಿ ನೋಡಿಯೇ ಮುಂದಕ್ಕೆ ಹೋಗುವುದು.

ನಾನು ಪಂಕಜಾಕ್ಷಿ. ದನದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಗಣಿ ನೋಡುವ ಕೆಲಸ. ಸೂಕ್ಷ್ಮದರ್ಶಕದ ಕೆಳಗೆ ಚಿಟಿಕೆ ಸಗಣಿ ಇಟ್ಟು, ಯಾವ ಹುಳದ ಮೊಟ್ಟೆ ಇದೆ, ಎಷ್ಟಿದೆ ಅಂತ ಬರೆದುಕೊಡಬೇಕು. ಊರಲ್ಲಿ ನನ್ನ ಹೆಸರು ಸಗಣಿ ಪಂಕಜ ಅಂತಲೇ. ನನಗೇನೂ ಬೇಜಾರಿಲ್ಲ. ಹಾಗೆ ಕರೆಯುವವರ ಹಸುಗಳೆಲ್ಲ ನನ್ನಿಂದಲೇ ಹಾಲು ಕೊಡುತ್ತಿವೆ.

ನಮ್ಮ ಯಜಮಾನರು ಕೇಶವಯ್ಯ. ರೇಡಿಯೋ ರಿಪೇರಿ ಮಾಡುತ್ತಾರೆ. ಹನ್ನೆರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಎರಡು ಕಣ್ಣೂ ಹೋದವು, ರಿಪೇರಿ ಮಾತ್ರ ನಿಲ್ಲಲಿಲ್ಲ. ಕಿವಿಯ ಹತ್ತಿರ ಇಟ್ಟುಕೊಂಡು ಒಂದೊಂದೇ ತಂತಿ ಮುಟ್ಟುತ್ತ, ಗರಗರ ಅನ್ನುವುದು ಎಲ್ಲಿಂದ ಅಂತ ಹಿಡಿದುಬಿಡುತ್ತಾರೆ. ನಾನು ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ಅವತ್ತು ನನಗೆ ಯಾರ ಮೇಲೆ ಸಿಟ್ಟು ಬಂದಿದೆ ಅಂತ ಹೇಳುತ್ತಾರೆ. ಹತ್ತಕ್ಕೆ ಒಂಬತ್ತು ಸಲ ಸರಿಯಿರುತ್ತದೆ.

ಇನ್ನು ಮೀನಿನ ವಿಷಯ. ಕೆಂಗೆನ್ನೆ ಮೀನು ನಮ್ಮ ಕೊಳ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಗೇಣುದ್ದ ಇರುತ್ತದೆ, ಕಿವಿರಿನ ಪಕ್ಕ ಕುಂಕುಮ ಸವರಿದ ಹಾಗೆ ಒಂದು ಮಚ್ಚೆ. ಒಂದರ ಮಚ್ಚೆ ಇನ್ನೊಂದಕ್ಕಿಲ್ಲ, ಹಾಗಾಗಿ ಯಾವುದು ಯಾರ ಮನೆಯದು ಅಂತ ಗೊತ್ತಾಗುತ್ತದೆ. ಕೊಳದ ಸುತ್ತ ತೊಂಬತ್ತಮೂರು ಮೆಟ್ಟಿಲು, ಮನೆಗೊಂದು. ಬೆಳಿಗ್ಗೆ ಅವರವರ ಮೀನು ಅವರವರ ಮೆಟ್ಟಿಲಿಗೆ ಬಂದು ನಾಲ್ಕು ಅಗುಳು ಅನ್ನ ತಿಂದುಕೊಂಡು ಹೋಗುತ್ತದೆ. ಹನ್ನೊಂದು ವರ್ಷದಿಂದ ಹೊಸ ಮರಿಯೊಂದೂ ಯಾರ ಕಣ್ಣಿಗೂ ಬಿದ್ದಿಲ್ಲ. ಇದ್ದವೇ ಇರಬೇಕು, ಹೋದದ್ದು ಹೋಯಿತು.

ಹೋಗುವುದಕ್ಕೆ ಕಾರಣ ಹುಳ. ಮೀನಿನ ಹೊಟ್ಟೆ ಊದಿಕೊಳ್ಳುತ್ತದೆ, ಒಂದು ಬೆಳಿಗ್ಗೆ ಮಗುಚಿ ತೇಲುತ್ತದೆ. ಹತ್ತೊಂಬತ್ತು ವರ್ಷದ ಹಿಂದೆ ಹೀಗೆ ಒಂದೆರಡು ಮೀನು ತೇಲಿದಾಗ ಊರು ಸೇರಿ ಒಂದು ಕಟ್ಟಳೆ ಮಾಡಿತು. ಬೇಸಿಗೆಯ ಮೊದಲಲ್ಲಿ ಚೀಟಿ ಎತ್ತಿ ಒಂದು ಮನೆಯ ಮೀನನ್ನು ಕುಯ್ದು ನೋಡುವುದು. ಕರುಳಲ್ಲಿ ಹುಳ ತುಂಬಿದ್ದರೆ ಮೇಲಿನ ತೂಬು ತೆರೆದು ಕೊಳದ ನೀರು ಬದಲಾಯಿಸುವುದು. ಹಾಗೆ ಮಾಡಿದರೆ ಊರಿಗೆ ಒಂದು ತಿಂಗಳು ಕುಡಿಯುವ ನೀರಿಗೆ ಪರದಾಟ, ಹಾಗಾಗಿ ಕಣ್ಣಾರೆ ಕಾಣದೆ ತೂಬು ತೆರೆಯುವಂತಿಲ್ಲ. ಹೊಟ್ಟೆಯೊಳಗಿನದನ್ನು ನೋಡಲು ಹೊಟ್ಟೆ ಸೀಳದೆ ಬೇರೆ ದಾರಿ ಇದೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಒಂದು ಮನೆ ಮೂಕವಾದರೂ ಉಳಿದವು ಉಳಿಯಲಿ ಅನ್ನುವ ಲೆಕ್ಕ.

ಕುಯ್ಯುವ ಕೆಲಸ ಹಾಲಪ್ಪನವರದು. ಈಗ ಎಪ್ಪತ್ತೊಂದು ವರ್ಷ. ಮೊದಲ ವರ್ಷ ಅವರು ಚೀಟಿಯನ್ನೇ ಎತ್ತಲು ಬಿಡಲಿಲ್ಲ. ಇನ್ನೊಬ್ಬರ ಮನೆಯ ಸದ್ದು ತೆಗೆಯುವವನು ತನ್ನದನ್ನು ಮೊದಲು ತೆಗೆಯಬೇಕು ಅಂತ ತಮ್ಮ ಮನೆಯ ಮೀನನ್ನೇ ಕಲ್ಲಿನ ಮೇಲೆ ಇಟ್ಟರು. ಅವರ ಹೆಂಡತಿಗೆ ಒಳ್ಳೆ ಕಂಠ, ಮದುವೆ ಮನೆಗಳಲ್ಲಿ ಸೋಬಾನೆಗೆ ಅವರೇ ಬೇಕಿತ್ತು. ಆಯಮ್ಮ ಆಮೇಲೂ ಹಾಡುತ್ತಿದ್ದರು. ತುಟಿ ಆಡುವುದು ನೋಡಿಕೊಂಡು ಉಳಿದವರು ದನಿಗೂಡಿಸುತ್ತಿದ್ದರು. ಸಾಯುವ ತನಕ ಗಂಡನಿಗೆ ಒಂದು ಕೊಂಕು ಮಾತು ಆಡಲಿಲ್ಲ, ಆಡಿದ್ದರೂ ಕೇಳುತ್ತಿರಲಿಲ್ಲ. ಅಂದಿನಿಂದ ಹಾಲಪ್ಪನವರ ಕೊರಳಲ್ಲಿ ಒಂದು ಸ್ಲೇಟು. ಅವರು ಬರೆದದ್ದನ್ನು ಸಭೆಯಲ್ಲಿ ಕೊಳದ ಯಜಮಾನಿ ದೇವೀರಮ್ಮ ಗಟ್ಟಿಯಾಗಿ ಓದಿ ಹೇಳುತ್ತಾರೆ. ನಮ್ಮೂರಲ್ಲಿ ಹಾಲಪ್ಪನವರು ಎದುರು ಬಂದರೆ ಕೂತವರು ಏಳುತ್ತಾರೆ. ನಾನೂ ಏಳುತ್ತೇನೆ, ಯಾರಿಗೂ ಏಳುವ ಪೈಕಿಯವಳಲ್ಲದಿದ್ದರೂ.

ಕುಯ್ದ ಮೇಲೆ ಒಂದು ಶಾಸ್ತ್ರವಿತ್ತು. ಕರುಳನ್ನೆಲ್ಲ ಬಿಡಿಸಿ ನೋಡಿ, ಕಂಡದ್ದನ್ನು ಬರೆದುಕೊಂಡು, ಆಮೇಲೆ ಅದನ್ನು ಎರಡು ಕೈಯಲ್ಲಿ ಎತ್ತಿ ಹಾಲಪ್ಪನವರು ಕೊಳಕ್ಕೇ ಬಿಡುತ್ತಿದ್ದರು. ಕೊಳದಿಂದ ತೆಗೆದದ್ದನ್ನು ಕೊಳಕ್ಕೆ ಕೊಡದೆ ಇರಬಾರದು. ಆಗ ಕೆಲವು ಕೆಂಗೆನ್ನೆಗಳು ಕಲ್ಲಿನ ಹತ್ತಿರ ಬಂದು ಅದನ್ನು ತಿನ್ನುತ್ತಿದ್ದವು. ಹಾಗೆ ಉಂಡ ಮೀನಿನ ಮನೆಯವರಿಗೆ ವರ್ಷವಿಡೀ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಹೋದ ವರ್ಷ ನಮ್ಮ ಮೀನು ಉಂಡಿತ್ತು. ನಾನು ಅವತ್ತು ಮನೆಗೆ ಬಂದು ಶಾವಿಗೆ ಪಾಯಸ ಮಾಡಿದ್ದೆ.

ಈ ವರ್ಷ ಚೀಟಿ ನಮ್ಮ ಮನೆಗೆ ಬಂತು.

ಹೇಳಲು ಬಂದವರು ಹಾಲಪ್ಪನವರೇ. ಅವರು ಬಂದದ್ದು ಕೇಳಿಸುವುದಿಲ್ಲವಲ್ಲ, ನಾನು ತಿರುಗಿದಾಗ ಹೊಸ್ತಿಲಲ್ಲಿ ನಿಂತಿದ್ದರು. ಸ್ಲೇಟಿನಲ್ಲಿ ಬರೆದುಕೊಂಡೇ ಬಂದಿದ್ದರು: “ತಾಯೀ, ನಿಮ್ಮ ಮನೆ.” ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಒಳಗಿನಿಂದ ನಮ್ಮ ಯಜಮಾನರು, “ಏನ್ ಬೀಳಿಸ್ದೆ? ಯಾರು ಬಂದಿರೋದು?” ಅಂದರು. ಕಣ್ಣಿಲ್ಲದ ಮನುಷ್ಯ, ಮೂಕ ಮನೆ. ನಾನು ಎದುರಿಗೇ ನಿಂತು ಎಷ್ಟು ಕೂಗಿದರೂ ಅವರಿಗೆ ನಾನು ಇಲ್ಲ. ಅವರು ಅತ್ತರೂ ನಕ್ಕರೂ ಅವರಿಗೇ ಗೊತ್ತಾಗುವುದಿಲ್ಲ. ಮೂಕ ಮನೆಯವರೆಲ್ಲ ಕಣ್ಣಿನಿಂದ ಬದುಕುತ್ತಿದ್ದಾರೆ, ಇವರು ಯಾವುದರಿಂದ ಬದುಕಬೇಕು. ಬಗ್ಗಿ ಸೌಟು ಎತ್ತಿಕೊಂಡೆ. ಹಾಲಪ್ಪನವರು ಸ್ಲೇಟು ಒರೆಸಿಕೊಂಡು ಬೀದಿಗಿಳಿದರು.

ಮಾರನೆಯ ದಿನ ನಾನು ದೇವೀರಮ್ಮನ ಮನೆಗೆ ಹೋದೆ. ಆಯಮ್ಮನದು ದೊಡ್ಡ ಬಾಯಿ, ಆದರೆ ನ್ಯಾಯಕ್ಕೆ ಕಿವಿ ಕೊಡುವ ಹೆಂಗಸು.

“ಅಮ್ಮಾ, ಕುಯ್ಯದೇನೆ ನೋಡ್ಬೋದು,” ಅಂದೆ.

“ಯಾವುದನ್ನ?”

“ಹುಳಾನ. ಹಸು ಹೊಟ್ಟೇಲಿ ಹುಳ ಇದ್ಯಾ ಅಂತ ನೋಡೋಕೆ ನಾವು ಹಸು ಕುಯ್ತೀವಾ? ಸಗಣಿ ನೋಡ್ತೀವಿ. ಮೀನಿಗೂ ಹಾಗೇ. ಕಾಲುವೆ ಮೀನಿನ ಮೇಲೆ ಎರಡು ವರ್ಷದಿಂದ ಮಾಡಿ ನೋಡಿದೀನಿ. ಒಂದೂ ಸಾಯ್ಲಿಲ್ಲ.”

“ಎರಡು ವರ್ಷದಿಂದ ಗೊತ್ತಿತ್ತು. ಚೀಟಿ ನಿಮ್ಮನೆಗೆ ಬಂದಮೇಲೆ ಬಾಯಿ ಬಂತು.”

ಆ ಮಾತು ನಾಟಿತು. ಅದರಲ್ಲಿ ಸುಳ್ಳಿರಲಿಲ್ಲ. ಹೋದ ವರ್ಷ ಬೇರೆಯವರ ಮನೆಗೆ ಚೀಟಿ ಬಂದಾಗ, ಇನ್ನೂ ಸ್ವಲ್ಪ ಕೈ ಪಳಗಲಿ ಅಂತ ನಾನು ಸುಮ್ಮನಿದ್ದೆ. ತಲೆ ತಗ್ಗಿಸಿ, “ಹೌದಮ್ಮ, ತಪ್ಪಾಯ್ತು,” ಅಂದೆ.

ದೇವೀರಮ್ಮ ಅಂದರು, “ಹದಿನೈದು ದಿನ ಕೊಡ್ತೀನಿ. ಮೂವತ್ತೆಂಟನ್ನೂ ನೋಡು. ಒಂದೇ ಒಂದು ಮೀನು ಸತ್ರೂ ಅವತ್ತೇ ನಿಮ್ಮದನ್ನ ಕಲ್ಲಿಗೆ ಹಾಕ್ತೀವಿ. ಆಮೇಲೆ ನನ್ನ ಹತ್ರ ಅಳ್ಬೇಡ.”

ಕೆಲಸ ಶುರುವಾಯಿತು. ಬಕೆಟ್ಟು ಕೊಳದ ನೀರಿಗೆ ನಾಲ್ಕು ಹನಿ ಲವಂಗದ ಎಣ್ಣೆ, ಅದೇ ಹಲ್ಲುನೋವಿಗೆ ಹಚ್ಚುವುದು, ಹಾಕಿ ಕಲಕಿ ಅದರಲ್ಲಿ ಮೀನು ಬಿಟ್ಟರೆ ಎರಡು ನಿಮಿಷಕ್ಕೆ ಮೆಲ್ಲಗೆ ಮಗ್ಗುಲಾಗಿ ಮಂಪರು ಹತ್ತುತ್ತದೆ. ಆಗ ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಮೈಮೇಲಿನ ಲೋಳೆಯನ್ನು ಗಾಜಿನ ಅಂಚಿನಿಂದ ಚೂರು ಕೆರೆದುಕೊಳ್ಳಬೇಕು. ಕಿವಿರು ಎತ್ತಿ ನೋಡಬೇಕು. ಆಮೇಲೆ ಬಳಪದಷ್ಟು ಸಣ್ಣ ಮೆದು ನಳಿಕೆಯನ್ನು ಹಿಂಬದಿಯಿಂದ ಕಾಲಂಗುಲ ಒಳಗೆ ಹಾಕಿ ಉಪ್ಪುನೀರು ಬಿಟ್ಟು, ತೊಳೆದುಕೊಂಡು ಬಂದದ್ದನ್ನು ಸೀಸೆಯಲ್ಲಿ ಹಿಡಿಯಬೇಕು. ಹುಳದ ಮೊಟ್ಟೆ ಇದ್ದರೆ ಅದರಲ್ಲೇ ಇರುತ್ತದೆ. ಅದಾದ ಕೂಡಲೇ ಮೀನನ್ನು ಒಳ್ಳೆ ನೀರಲ್ಲಿ ಹಿಂದೆ ಮುಂದೆ ಆಡಿಸುತ್ತ ಎಚ್ಚರ ಮಾಡಬೇಕು. ಎಲ್ಲ ಸೇರಿ ಆರು ನಿಮಿಷ. ಏಳಾದರೆ ಅಪಾಯ, ಎಂಟಾದರೆ ಕೈಬಿಟ್ಟ ಹಾಗೆ. ಗಡಿಯಾರ ನೋಡಲು ನನಗೆ ಕೈ ಬಿಡುವಿಲ್ಲದ್ದರಿಂದ ನಮ್ಮ ಯಜಮಾನರು ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಎಣಿಸುತ್ತಿದ್ದರು. ಅವರು ಮುನ್ನೂರ ಅರವತ್ತು ಅಂದರೆ ಆರು ನಿಮಿಷ, ಒಂದು ಕ್ಷಣ ಹೆಚ್ಚಿಲ್ಲ ಕಮ್ಮಿಯಿಲ್ಲ.

ಒಂದು ಸಂಗತಿ ನನಗೆ ಮೊದಲೇ ತಿಳಿದಿರಲಿಲ್ಲ. ಕಾಲುವೆ ಮೀನಿಗೆ ಮನೆ ಇಲ್ಲವಲ್ಲ. ಕೆಂಗೆನ್ನೆಗೆ ಮಂಪರು ಬಂದಷ್ಟು ಹೊತ್ತು ಅದರ ಮನೆಯ ಸದ್ದು ನಿಂತುಹೋಗುತ್ತಿತ್ತು. ಮೊದಲ ಮೀನು ಮಗ್ಗುಲಾದಾಗ ಕೊಳದ ಪಕ್ಕದ ಮನೆಯಲ್ಲಿ ಮಸಾಲೆ ಅರೆಯುತ್ತಿದ್ದ ಸದ್ದು ಗಕ್ಕನೆ ನಿಂತಿತು, ಆ ಮನೆಯ ಹೆಂಗಸು ಎದೆ ಹಿಡಿದುಕೊಂಡು ಓಡಿಬಂದಳು. ಬಾಯಿ ಬಡಿದುಕೊಳ್ಳುತ್ತಿದ್ದಾಳೆ, ಏನೂ ಕೇಳುತ್ತಿಲ್ಲ. ಮೀನು ಬಾಲ ಆಡಿಸಿದ್ದೇ ತಡ, ನನ್ನ ವಂಶವನ್ನೆಲ್ಲ ಬಯ್ಯುವ ಅವಳ ಬೈಗುಳ ನಡುವಿನಿಂದ ಶುರುವಾಯಿತು. ಜೀವಮಾನದಲ್ಲಿ ಬೈಗುಳ ಕೇಳಿ ಅಷ್ಟು ಸಂತೋಷಪಟ್ಟಿರಲಿಲ್ಲ ನಾನು. ಎರಡು ದಿನದಲ್ಲಿ ಜನ ಅದಕ್ಕೂ ಒಗ್ಗಿಕೊಂಡರು. ತಮ್ಮ ಮೀನಿನ ಸರದಿ ಬಂದರೆ ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸದ್ದಿಲ್ಲದ ಚಪ್ಪಾಳೆ ಸದ್ದಾಗುವವರೆಗೂ ತಟ್ಟುತ್ತ, ಸದ್ದಾದ ಮೇಲೆ ಉಸಿರು ಬಿಟ್ಟು ಒಳಗೆ ಹೋಗುತ್ತಿದ್ದರು.

ಐದನೆಯ ದಿನ ನಮ್ಮ ಮೀನಿನ ಸರದಿ. ಬೇಡ, ಮನೇಲಿರಿ ಅಂದರೂ ನಮ್ಮ ಯಜಮಾನರು ಕೇಳಲಿಲ್ಲ. ಪಕ್ಕದಲ್ಲೇ ಕೂತು ಎಣಿಸತೊಡಗಿದರು. ನೂರ ಹತ್ತರ ಹೊತ್ತಿಗೆ ಮೀನು ಮಗ್ಗುಲಾಯಿತು, ಅವರ ದನಿ ಕಡಿದ ಹಾಗೆ ನಿಂತಿತು. ತುಟಿ ಮಾತ್ರ ಆಡುತ್ತಿತ್ತು. ಎದುರು ದಡದಲ್ಲಿ ಯಾರೋ ಬಟ್ಟೆ ಒಗೆಯುವುದು ಕೇಳುತ್ತಿತ್ತು, ನನ್ನ ಉಸಿರು ನನಗೇ ಕೇಳುತ್ತಿರಲಿಲ್ಲ. ನಾನು ನಳಿಕೆ ಹಾಕುತ್ತಿದ್ದೆ. ಅಷ್ಟರಲ್ಲಿ ಅವರ ಕೈ ಗಾಳಿಯಲ್ಲಿ ತಡಕಾಡುತ್ತ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಿತು. ಎಂಥ ಹಿಡಿತ ಅಂದರೆ ಬೆರಳು ಮರಗಟ್ಟಿತು. ಬಿಡ್ರೀ ಅಂತ ಕಿರುಚಿದೆ, ಯಾರಿಗೆ ಕೇಳಬೇಕು ಅದು. ಮೀನು ಬಟ್ಟೆಯಿಂದ ಜಾರುತ್ತಿತ್ತು. ನಾನು ನನ್ನ ಗಂಡನ ಕೈಯನ್ನು ಕಚ್ಚಿದೆ. ಹೌದು, ಕಚ್ಚಿದೆ. ಅವರು ಬಿಟ್ಟರು. ಉಳಿದ ಕೆಲಸ ಹೇಗೆ ಮುಗಿಸಿದೆನೋ ನನಗೆ ನೆನಪಿಲ್ಲ. ಮೀನು ಎಚ್ಚರವಾಗಿ ಕೈಯಿಂದ ಹಾರಿ ನೀರಿಗೆ ಬಿದ್ದಾಗ ಅವರು ಅಳುತ್ತಿದ್ದದ್ದು ಕೇಳಿಸಿತು.

“ಎಷ್ಟಕ್ಕೆ ಬಂದ್ರಿ?” ಅಂದೆ. ಬೇರೇನು ಕೇಳಬೇಕೋ ತೋಚಲಿಲ್ಲ.

“ನೂರ ತೊಂಬತ್ತು. ಆಮೇಲೆ ಎಣಿಸ್ತಿದೀನೋ ಇಲ್ವೋ ಗೊತ್ತಾಗ್ಲಿಲ್ಲ. ನಾನೇ ಇದೀನೋ ಇಲ್ವೋ ಗೊತ್ತಾಗ್ಲಿಲ್ಲ.” ಕಚ್ಚಿದ ಜಾಗವನ್ನು ಉಜ್ಜಿಕೊಳ್ಳುತ್ತ ಅಂದರು, “ನೀನು ಕಚ್ಚಿದಾಗ್ಲೇ ಗೊತ್ತಾಗಿದ್ದು ನೋಡು. ಇದು ನನ್ ಕೈಲಾಗಲ್ಲ ಪಂಕಜ. ಕಣ್ಣು ಹೋದಾಗ ಹೇಗೋ ತಡ್ಕೊಂಡೆ. ಇದು ಆಗಲ್ಲ.”

ಅವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ನಮ್ಮ ಮೀನಿನ ಸೀಸೆ ನೋಡಿದೆ. ಗಾಜಿನ ಕೆಳಗೆ ಮೊಟ್ಟೆಗಳು ಎದ್ದು ಕಾಣುತ್ತಿದ್ದವು. ನಮ್ಮ ಮೀನಿನ ಹೊಟ್ಟೆಯಲ್ಲೇ ಹುಳವಿತ್ತು. ಆದರೂ ಧೈರ್ಯ ತಂದುಕೊಂಡೆ. ಹೊಟ್ಟೆ ಊದುವ ಮುಂಚೆ ಗೊತ್ತಾದರೆ ಮದ್ದಿದೆ, ದನಕ್ಕೆ ಕೊಡುವುದನ್ನೇ ಕಡಿಮೆ ಮಾಡಿ ತೌಡಿನ ಉಂಡೆಯಲ್ಲಿ ಕೊಟ್ಟರೆ ಹುಳ ಬಿದ್ದುಹೋಗುತ್ತದೆ. ಕಾಲುವೆ ಮೀನಿಗೆ ಬಿದ್ದಿತ್ತು.

ಹದಿಮೂರನೆಯ ದಿನಕ್ಕೆ ಎಲ್ಲ ಮುಗಿಯಿತು. ಒಂದು ಮೀನೂ ಸತ್ತಿರಲಿಲ್ಲ. ಮೂವತ್ತೆಂಟರಲ್ಲಿ ಒಂಬತ್ತಕ್ಕೆ ಹುಳ, ಇಪ್ಪತ್ತೊಂಬತ್ತು ಶುದ್ಧ. ನಾನು ಒಂಬತ್ತು ಮನೆಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟೆ. ಅವತ್ತು ಹಾಲಪ್ಪನವರು ಆಸ್ಪತ್ರೆಗೆ ಬಂದರು. ಬಗಲಲ್ಲಿ ಬಟ್ಟೆ ಸುತ್ತಿದ ಒಂದು ದಪ್ಪ ಪುಸ್ತಕ. ಹತ್ತೊಂಬತ್ತು ವರ್ಷ ಕುಯ್ದಾಗ ಕಂಡದ್ದನ್ನೆಲ್ಲ ಬರೆದದ್ದು. ಸ್ಲೇಟಿನ ಮೇಲೆ ಬರೆದು ತೋರಿಸಿದರು: “ನಿನಗೆ ಉಪಯೋಗಕ್ಕೆ ಬಂದೀತು.” ಒರೆಸಿ, ಮತ್ತೆ ಬರೆದರು: “ನೀನು ಗೆಲ್ಲಬೇಕು ಮಗಳೇ. ನನಗೆ ಕುಯ್ದು ಸಾಕಾಗಿದೆ.” ಅವರ ಕಣ್ಣು ತುಂಬಿತ್ತು. ನಾನು ಎದ್ದು ಪುಸ್ತಕವನ್ನು ಎರಡು ಕೈಯಲ್ಲಿ ಇಸಕೊಂಡೆ.

ಅವರು ಹೋದ ಮೇಲೆ ಪುಸ್ತಕ ಬಿಚ್ಚಿದೆ. ಮುತ್ತಿನಂಥ ಅಕ್ಷರ. ಒಂದೊಂದು ವರ್ಷಕ್ಕೂ ಒಂದೊಂದು ಪುಟ. ಯಾರ ಮನೆಯ ಮೀನು, ಎಷ್ಟುದ್ದ, ಕರುಳಲ್ಲಿ ಏನಿತ್ತು. ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ “ಉಂಡವರು” ಅಂತ ಬರೆದು, ಅವತ್ತು ಕರುಳು ತಿನ್ನಲು ಬಂದ ಮೀನುಗಳ ಮನೆಯ ಹೆಸರು. ಅದು ಊರಿಗೆ ಶುಭದ ಪಟ್ಟಿ, ಹಾಗಾಗಿ ಕೆಂಪು ಶಾಯಿ. ಹೋದ ವರ್ಷದ ಪುಟ ತೆಗೆದೆ. ಉಂಡವರು ಒಂಬತ್ತು. ನಾಲ್ಕನೆಯ ಸಾಲಿನಲ್ಲಿ, “ಪಂಕಜಾಕ್ಷಿ ಮನೆಯದು, ಮೂರು ತುತ್ತು.”

ನನ್ನ ಹಾಳೆಯನ್ನು ಪಕ್ಕದಲ್ಲಿಟ್ಟೆ. ಒಂದು ಹೆಸರು ಸರಿಹೋಯಿತು. ಎರಡನೆಯದು ಸರಿಹೋಯಿತು. ಒಂಬತ್ತಕ್ಕೆ ಒಂಬತ್ತು. ಹೆಚ್ಚಿಲ್ಲ, ಕಮ್ಮಿಯಿಲ್ಲ. ನಾನು ಹಿಂದಿನ ಪುಟಕ್ಕೆ ಹೋದೆ. ಅದರ ಹಿಂದಿನ ವರ್ಷ ಉಂಡವರು ಏಳು. ಆ ಏಳು ಮನೆಯೂ ಇವತ್ತು ಮೂಕ. ಅದರ ಹಿಂದೆ ಆರು, ಆರೂ ಮೂಕ. ಹಾಗೇ ಒಂದೊಂದೇ ಪುಟ ಹಿಂದಕ್ಕೆ ತಿರುವಿದೆ. ಮೊದಲ ಪುಟ, ಹಾಲಪ್ಪನವರದೇ ಮೀನು: “ಕರುಳಲ್ಲಿ ಬಿಳಿ ದಾರದಂಥದ್ದು ಎರಡು. ಬೇರೆ ದೋಷವಿಲ್ಲ.” ಕೆಳಗೆ ಕೆಂಪಿನಲ್ಲಿ, ಉಂಡವರು ಎರಡು ಮನೆ. ಆ ಎರಡರ ಮೀನು ಮುಂದಿನ ಬೇಸಿಗೆಗೆ ತೇಲಿದ್ದವು.

ಹತ್ತೊಂಬತ್ತು ಮನೆ ಕತ್ತಿಗೆ ಹೋಗಿದ್ದವು, ಮೂವತ್ತಾರು ಮನೆ ಹುಳಕ್ಕೆ. ಕಟ್ಟಳೆಗೆ ಮುಂಚೆ ತೇಲಿದ ಎರಡು ಬಿಟ್ಟರೆ ಉಳಿದ ಮೂವತ್ತನಾಲ್ಕಕ್ಕೆ ಹುಳವನ್ನು ಬಾಯಿಗೆ ಇಟ್ಟವರು ನಾವೇ. ಹುಳ ಇದೆಯೋ ಅಂತ ನೋಡಿ, ನೋಡಿದ ಹುಳವನ್ನು ಕೈಯಾರೆ ಬಡಿಸಿ, ತಿಂದವರ ಹೆಸರು ಬರೆದು, ಪಾಯಸ ಮಾಡಿದ್ದೆವು. ನನ್ನ ಬುದ್ಧಿಗೆ ಏನಾಗಿತ್ತು. ಕುರಿ ಕುಯ್ದಾಗ ಕರುಳು ನಾಯಿಗೆ ಹಾಕಬೇಡಿ, ಹುಳ ಹತ್ತುತ್ತೆ ಅಂತ ಇಪ್ಪತ್ತೆರಡು ವರ್ಷದಿಂದ ಊರವರಿಗೆ ಬೈದು ಹೇಳುತ್ತಿದ್ದವಳು ನಾನು. ಅದೇ ಬಾಯಲ್ಲಿ ಕೊಳದ ದಡದಲ್ಲಿ ನಿಂತು, ನಮ್ಮ ಮೀನು ಉಂಡಿತು ಅಂತ ಕುಣಿದಿದ್ದೆ. ಶಾಸ್ತ್ರ ಅಂದ ತಕ್ಷಣ ಕಣ್ಣು ಮುಚ್ಚಿಹೋಗಿತ್ತು.

ಆಮೇಲೆ ಒಂದು ನಿರ್ಧಾರಕ್ಕೆ ಬಂದೆ. ಇದನ್ನು ಯಾರಿಗೂ ಹೇಳುವುದಿಲ್ಲ. ಇನ್ನು ಕುಯ್ಯುವುದೇ ಇಲ್ಲ ಅಂದಮೇಲೆ ಕರುಳು ಬಿಡುವುದೂ ಇಲ್ಲ. ಒಂಬತ್ತಕ್ಕೆ ಮದ್ದು ಕೊಟ್ಟರೆ ಮುಗಿಯಿತು. ತನ್ನ ಹೆಂಡತಿಯ ಕಂಠವನ್ನೇ ಊರಿಗೆ ಕೊಟ್ಟ ಮನುಷ್ಯನಿಗೆ ಈ ವಯಸ್ಸಿನಲ್ಲಿ ಇದು ಯಾಕೆ ಗೊತ್ತಾಗಬೇಕು. ಪುಸ್ತಕವನ್ನು ಚೀಲದ ತಳಕ್ಕೆ ತುರುಕಿದೆ. ಮನೆಗೆ ಹೋದಾಗ ನಮ್ಮ ಯಜಮಾನರು, “ಇವತ್ತು ಚಪ್ಪಲಿ ಬಿಟ್ಟ ಸದ್ದು ಅರ್ಥ ಆಗ್ಲಿಲ್ವಲ್ಲೇ,” ಅಂದರು. ತಲೆನೋವು ಅಂದೆ.

ಹದಿನೈದನೆಯ ದಿನ ಬೆಳಿಗ್ಗೆ ಊರೆಲ್ಲ ಕೊಳದ ದಡದಲ್ಲಿತ್ತು. ಕುಯ್ಯುವ ಕಲ್ಲನ್ನು ತೊಳೆದಿದ್ದರು. ಹಾಲಪ್ಪನವರು ಕತ್ತಿ ಹಿಡಿದು ಪಕ್ಕದಲ್ಲಿ ನಿಂತಿದ್ದರು, ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದರು. ನಾನು ಹಾಳೆ ಓದಿದೆ. ಒಂಬತ್ತು ಮೀನಿಗೆ ಹುಳ ಇದೆ, ಇಂಥಿಂಥ ಮನೆಯವು, ಮದ್ದಿನಿಂದ ಹೋಗುತ್ತದೆ, ನೀರು ಬದಲಾಯಿಸುವುದೂ ಬೇಡ ಅಂದೆ. ಜನ ಗುಜುಗುಜು ಮಾತಾಡಿಕೊಂಡರು.

ದೇವೀರಮ್ಮ ಕೇಳಿದರು, “ಸೀಸೇಲಿ ಮೊಟ್ಟೆ ಕಂಡೆ ಅಂತೀಯ. ಅದು ನಿನ್ನೊಬ್ಬಳಿಗೇ ಕಾಣೋದು. ನಾವು ನಂಬೋದು ಹೇಗೆ?”

“ಬೇಕಾದ್ರೆ ಬಂದು ನೋಡಿ.”

“ನೋಡಿದ್ರೂ ನಮಗೇನು ತಿಳಿಯತ್ತೆ? ಸುಳ್ಳು ಅಂತಲ್ಲ ಪಂಕಜ. ತಪ್ಪಿದ್ರೆ? ಮದ್ದು ಹಾಕ್ದೇ ಬಿಟ್ಟ ಇಪ್ಪತ್ತೊಂಬತ್ತರಲ್ಲಿ ಹುಳ ಇದ್ರೆ?” ಆಯಮ್ಮ ಕಲ್ಲಿನ ಕಡೆ ನೋಡಿ ಮುಂದುವರಿದರು. “ನಿಮ್ಮನೆ ಮೀನಲ್ಲೇ ಹುಳ ಇದೆ ಅಂತ ನೀನೇ ಓದಿದೆ. ಚೀಟಿನೂ ನಿಮ್ಮನೆಗೇ ಬಂದಿದೆ. ಅದೊಂದನ್ನ ಕುಯ್ದು ನೋಡಿಬಿಡೋಣ. ಹುಳ ಇದ್ರೆ ನಿನ್ನ ಮಾತು ನಿಜ, ಉಳಿದ ಎಂಟಕ್ಕೆ ಮದ್ದು ಹಾಕೋಣ. ಇದೇ ಕೊನೆ. ಇನ್ಮೇಲೆ ಯಾವ ಮೀನನ್ನೂ ಕುಯ್ಯಲ್ಲ, ನಾನೇ ಮಾತು ಕೊಡ್ತೀನಿ.”

ಹೌದು ಹೌದು, ಅದೇ ಸರಿ ಅಂದರು ಜನ. ನನ್ನ ಮಾತು ನಿಜವಾಗಬೇಕಾದರೆ ನನ್ನ ಮೀನು ಸಾಯಬೇಕು. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಮ್ಮ ಯಜಮಾನರ ಕೈ ನನ್ನ ಭುಜದ ಮೇಲಿತ್ತು. ಬೆರಳುಗಳು ಒಂದೊಂದಾಗಿ ಬಿಗಿಯಾಗುತ್ತ ಹೋದವು. ಹಾಲಪ್ಪನವರು ಕಲ್ಲಿನ ಹತ್ತಿರ ಬಗ್ಗಿದರು, ಅವರ ಮುಖದಲ್ಲಿ ಜೀವವಿರಲಿಲ್ಲ.

ಆಗ ನಾನು ಬಾಯಿ ಬಿಟ್ಟೆ. ನನ್ನ ಗಂಡನ ಕಿವಿ ಉಳಿಸಿಕೊಳ್ಳಲು ಬಿಟ್ಟೆ, ಊರಿನ ಒಳ್ಳೆಯದಕ್ಕೆ ಅಂತ ಸುಳ್ಳು ಹೇಳುವುದಿಲ್ಲ.

“ಸಾಕ್ಷಿ ಇದೆ,” ಅಂದೆ. ಚೀಲದಿಂದ ಪುಸ್ತಕ ತೆಗೆದು ದೇವೀರಮ್ಮನ ಕೈಗೆ ಕೊಟ್ಟೆ. “ಹಾಲಪ್ಪನೋರು ಬರೆದದ್ದು. ನಾನು ಮೀನು ನೋಡಿ ಮುಗಿಸೋವರ್ಗೂ ಇದನ್ನ ಕಂಡಿರ್ಲಿಲ್ಲ. ಹೋದ ವರ್ಷದ ಪುಟ ತೆಗೀರಿ. ಕೆಂಪು ಅಕ್ಷರ ಓದಿ.”

ದೇವೀರಮ್ಮ ಓದಿದರು. ಒಂದೊಂದು ಹೆಸರಿಗೂ ನಾನು ನನ್ನ ಹಾಳೆಯಿಂದ ಅದೇ ಹೆಸರು ಓದಿದೆ. ಮೊದಮೊದಲು ಜನಕ್ಕೆ ಖುಷಿಯಾಯಿತು, ಪರವಾಗಿಲ್ಲವಲ್ಲ, ಸರಿಹೋಗ್ತಿದೆ ಅಂತ ಯಾರೋ ನಕ್ಕರು. ಆರನೆಯ ಹೆಸರಿಗೆ ನಗು ನಿಂತಿತು. ಒಂಬತ್ತೂ ಮುಗಿದಾಗ ದೇವೀರಮ್ಮ ತಾವಾಗಿಯೇ ಹಿಂದಿನ ಪುಟ ತಿರುವಿ ಓದತೊಡಗಿದರು. ಅವರ ದೊಡ್ಡ ದನಿ ಸಣ್ಣದಾಗುತ್ತ ಬಂತು. ಒಂದೊಂದು ಹೆಸರಿಗೂ ಒಂದೊಂದು ಮೂಕ ಮನೆಯವರು ಗುಂಪಿನಲ್ಲಿ ತಲೆ ಎತ್ತುತ್ತಿದ್ದರು. ಮೂರನೆಯ ಪುಟಕ್ಕೆ ದೇವೀರಮ್ಮ ನಿಲ್ಲಿಸಿ ಪುಸ್ತಕ ಮುಚ್ಚಿದರು.

ಎಲ್ಲರಿಗಿಂತ ಮೊದಲು ಅರ್ಥವಾದದ್ದು ಹಾಲಪ್ಪನವರಿಗೆ. ಒಂದೊಂದು ಹೆಸರನ್ನೂ ಬರೆದವರು ಅವರೇ ತಾನೆ. ಕತ್ತಿ ಅವರ ಕೈಯಿಂದ ಬಿತ್ತು, ಬಿದ್ದದ್ದು ಕೇಳಿಸಲಿಲ್ಲ. ಕರುಳು ಎತ್ತಿ ಬಿಡುತ್ತಿದ್ದ ಆ ಎರಡು ಕೈಯನ್ನು ಮುಖದ ಹತ್ತಿರ ತಂದುಕೊಂಡು ನೋಡಿಕೊಂಡರು. ಆಮೇಲೆ ನಾನು ನೋಡಲಿಲ್ಲ. ಯಾರೂ ನೋಡಲಿಲ್ಲ. ಎಲ್ಲರೂ ನೆಲ ನೋಡಿಕೊಂಡು ನಿಂತೆವು. ಅಷ್ಟು ಜನ ಸೇರಿದ್ದ ದಡದಲ್ಲಿ ಒಂದು ಕೆಮ್ಮಿಲ್ಲ. ತುಂಬ ಹೊತ್ತಾದ ಮೇಲೆ ದೇವೀರಮ್ಮ ನನ್ನ ಹತ್ತಿರ ಬಂದು, “ನಿಮ್ಮ ಮೀನು ಮುಟ್ಟಲ್ಲ. ಯಜಮಾನ್ರನ್ನ ಮನೆಗೆ ಕರ್ಕೊಂಡು ಹೋಗು,” ಅಂದರು.

ನಾನು ನಮ್ಮ ಯಜಮಾನರ ಕೈ ಹಿಡಿದು ಹೊರಟೆ. ಮೆಟ್ಟಿಲು ಹತ್ತಿ ಬೀದಿಗೆ ಬಂದೆವು. ಅವರು ಉಸಿರು ಬಿಟ್ಟು ಅಂದರು, “ಪಾಪ ಕಣೆ ಹಾಲಪ್ಪ. ಆದ್ರೂ ಗಟ್ಟಿ ಮನುಷ್ಯ. ಸ್ಲೇಟಲ್ಲಿ ಏನಾದ್ರೂ ಬರೆದಿದ್ರೆ ದೇವೀರಮ್ಮ ಓದಿರೋರು. ಏನೂ ಓದ್ಲಿಲ್ಲ. ಯಾರೂ ಅಯ್ಯೋ ಅನ್ಲಿಲ್ಲ. ಸಮಾಧಾನವಾಗಿ ತಗೊಂಡ್ರು ಅನ್ಸತ್ತೆ, ಅಲ್ವಾ?”

ನಾನು ತಿರುಗಿ ನೋಡಿದೆ. ಕಲ್ಲಿನ ಪಕ್ಕ ಅವರನ್ನು ಇಬ್ಬರು ಎರಡೂ ರಟ್ಟೆ ಹಿಡಿದು ನಿಲ್ಲಿಸಿಕೊಂಡಿದ್ದರು. ಬಾಯಿ ಇಷ್ಟಗಲ ತೆರೆದಿತ್ತು, ಕೊರಳಿನ ನರಗಳು ಇಲ್ಲಿಗೂ ಕಾಣುತ್ತಿದ್ದವು.

“ಇಲ್ಲ ಕಣ್ರೀ,” ಅಂದೆ. “ಕೂಗ್ತಿದಾರೆ. ಆಗಿನಿಂದ ಕೂಗ್ತಾನೇ ಇದಾರೆ. ಇನ್ನೂ ನಿಲ್ಲಿಸಿಲ್ಲ.”